ಮಾತ್ರೆಗೂ ಮಡಿ

ನಮ್ಮ ಸೋದರತ್ತೆ ತೊಳೆಯದೆ ಬಿಟ್ಟ ಪದಾರ್ಥ ಈ ಭೂಮಿಯ ಮೇಲೆ ಬೆಂಕಿಯೊಂದೇ. ಅದನ್ನೂ ಬಿಟ್ಟದ್ದು ತೊಳೆದರೆ ಆರಿಹೋಗುತ್ತದೆ ಎಂಬ ಕಾರಣಕ್ಕೆ ಮಾತ್ರ! ಉಳಿದಂತೆ ಸೌದೆಗೆ ಸ್ನಾನ, ತೆಂಗಿನಕಾಯಿಗೆ ಸ್ನಾನ, ಅಂಗಡಿಯಿಂದ ಬಂದ ಚಿಲ್ಲರೆ ಕಾಸಿಗೂ ಸ್ನಾನ. ಪೋಸ್ಟ್ ಕಾರ್ಡ್ ಬಂದರೆ ಅದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ಆಮೇಲೆ ಓದಿಸಿಕೊಳ್ಳುತ್ತಿದ್ದರು. ಹಾಗೆ ಒಂದು ಸಲ ಮಸಿ ಕಲೆಸಿಹೋಗಿ, ಮೈಸೂರಿನ ನೆಂಟರ ಮನೆಯಲ್ಲಿ ಯಾರಾದರೂ ಹುಟ್ಟಿದರೋ ಯಾರಾದರೂ ಹೋದರೋ ತಿಳಿಯದೆ, ನಮ್ಮಪ್ಪ ಎರಡಕ್ಕೂ ಹೊಂದುವಂಥ ಒಂದು ಉತ್ತರ ಬರೆದು ಹಾಕಿದರು. ಒಮ್ಮೆ ಉಪ್ಪನ್ನೂ ತೊಳೆದಿದ್ದರಂತೆ. ಒಂದು ಸೇರು ಹರಳುಪ್ಪು ಅರ್ಧ ಸೇರಿಗೆ ಇಳಿದಾಗ ಅಂಗಡಿಯವನು ಅಳತೆಯಲ್ಲಿ ಮೋಸ ಮಾಡಿದನೆಂದು ಹೋಗಿ ಜಗಳ ಆಡಿ ಬಂದಿದ್ದರಂತೆ. ಇದನ್ನು ಹೇಳಿದ್ದು ನಮ್ಮಮ್ಮ. ಅಮ್ಮ ಅವರಿಗೆ ತಮ್ಮನ ಹೆಂಡತಿಯಾದ್ದರಿಂದ ಕಥೆಯಲ್ಲಿ ಅರ್ಧ ಸೇರಿನಷ್ಟು ಮಾತ್ರ ನಂಬಿದರೆ ಸಾಕು.

ಅತ್ತೆ ನಮ್ಮಪ್ಪನ ಅಕ್ಕ. ಹದಿನಾಲ್ಕನೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಅಪ್ಪ ಬಸವನಗುಡಿಯ ವಠಾರ ಬಿಟ್ಟು ಜಯನಗರದಲ್ಲಿ ಬಾಡಿಗೆಮನೆ ಹಿಡಿದಾಗ ಅವರೂ ನಮ್ಮೊಂದಿಗೆ ಬಂದರು. ಬಂದವರು ನೇರವಾಗಿ ಅಡುಗೆಮನೆಗೆ ಹೋದರು. ಮುಗಿಯಿತು, ಅಲ್ಲಿಂದಾಚೆಗೆ ಆ ಅಡುಗೆಮನೆ ಅವರದು. ಮಡಿಯುಟ್ಟು ಒಳಗೆ ನಿಂತರೆಂದರೆ ಹೊಸಿಲಿನ ಒಳಗೆ ಅವರು, ಹೊರಗೆ ನಾವು. ದಾಟುವ ಹಾಗಿರಲಿಲ್ಲ. ಅವರನ್ನು ಮುಟ್ಟುವ ಹಾಗಂತೂ ಇರಲೇ ಇಲ್ಲ. ಬೇರೆಯವರ ಮನೆಗಳಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಮಡಿಗೆ ರಜಾ ಸಿಗುತ್ತಿತ್ತು. ನಮ್ಮತ್ತೆ ಮಧ್ಯಾಹ್ನ ಹಪ್ಪಳ, ಸಾಯಂಕಾಲ ಉಪ್ಪಿಟ್ಟು, ರಾತ್ರಿ ಹಾಲಿಗೆ ಹೆಪ್ಪು ಎಂದು ಅದಕ್ಕೆ ಓವರ್‌ಟೈಮ್ ಹಾಕಿಬಿಡುತ್ತಿದ್ದರು.

ಇಂಥವರ ಹತ್ತಿರ ಬರಲು ಒಂದು ಕಾಯಿಲೆಗೆ ಧೈರ್ಯ ಹೇಗೆ ಬಂತು ಎಂದು ನೀವು ಕೇಳಬಹುದು. ಅದು ಇಟ್ಟಿಗೆಯ ರೂಪದಲ್ಲಿ ಬಂತು. ಅರವತ್ತರ ದಶಕದ ಮೊದಲ ವರ್ಷಗಳು. ಆಗಿನ ಜಯನಗರದಲ್ಲಿ ಮನೆಗಳಿಗಿಂತ ಇಟ್ಟಿಗೆ ರಾಶಿಗಳೇ ಜಾಸ್ತಿ. ಬರಿಗಾಲಲ್ಲಿ ದೇವಸ್ಥಾನಕ್ಕೆ ಹೊರಟ ಅತ್ತೆ ಒಂದು ಇಟ್ಟಿಗೆಯನ್ನು ಎಡವಿದರು. ಹೆಬ್ಬೆರಳಿನ ಗಾಯ ತಿಂಗಳಾದರೂ ಮಾಯಲಿಲ್ಲ. ಜೊತೆಗೆ ಬಾಯಾರಿಕೆ. ಮೊದಲೆಲ್ಲ ನಮ್ಮ ಮನೆಯ ನೀರು ತೊಳೆಯುವುದಕ್ಕೆ ಮಾತ್ರ ಸಾಲುತ್ತಿರಲಿಲ್ಲ, ಈಗ ಕುಡಿಯುವುದಕ್ಕೂ ಸಾಲದಾಯಿತು. ಅಪ್ಪ ಅವರನ್ನು ಬಲವಂತದಿಂದ ಬಸವನಗುಡಿಯ ನಮ್ಮ ಹಳೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಜೊತೆಗೆ ನಾನು. ಆಗ ನಾನು ಕಾಲೇಜಿನ ಮೊದಲ ವರ್ಷ. ಡಾಕ್ಟರ ಇಂಗ್ಲಿಷನ್ನು ಅತ್ತೆಗೆ ಬಿಡಿಸಿ ಹೇಳುವುದು ನನ್ನ ಕೆಲಸವೆಂದು ಅಪ್ಪ ತೀರ್ಮಾನಿಸಿದ್ದರು.

"ಸಕ್ಕರೆ ಕಾಯಿಲೆ ಇದ್ದ ಹಾಗಿದೆಯಮ್ಮ" ಎಂದರು ಡಾಕ್ಟರು, ಅಚ್ಚ ಕನ್ನಡದಲ್ಲಿ.

"ಸಾಧ್ಯವೇ ಇಲ್ಲ. ನಾನು ಸಕ್ಕರೆ ಮುಟ್ಟೋಳೇ ಅಲ್ಲ. ಅದನ್ನ ಮೂಳೆ ಇದ್ದಲಲ್ಲಿ ಬೆಳ್ಳಗೆ ಮಾಡ್ತಾರಂತೆ. ನಮ್ಮನೇಲಿ ಏನಿದ್ರೂ ಬೆಲ್ಲ."

"ಬೆಲ್ಲ ತಿಂದ್ರೂ ರಕ್ತದಲ್ಲಿ ಸಕ್ಕರೆ ಏರತ್ತೆ. ಅನ್ನ ಉಂಡ್ರೂ ಏರತ್ತೆ."

"ಹಾಗಾದ್ರೆ ಅನ್ನದ ಕಾಯಿಲೆ ಅನ್ನಿ. ಮುಟ್ಟದೇ ಇರೋ ಸಕ್ಕರೆ ಹೆಸರು ಯಾಕೆ ಹೇಳ್ತೀರಿ?"

ಡಾಕ್ಟರು ಊಟವಾಗಿ ಎರಡು ಗಂಟೆ ಕಳೆದ ಮೇಲೆ ಮೂತ್ರ ಹಿಡಿದು ತರಬೇಕು ಎಂದು ಚೀಟಿ ಬರೆದರು. ಅದನ್ನು ಸಾಗಿಸುವ ಭಾಗ್ಯವೂ ನನಗೇ ಬಂತು. ತಲೆಗೆಣ್ಣೆಯ ಒಂದು ಹಳೆಯ ಸೀಸೆಯನ್ನು ಅತ್ತೆ ಹುಣಸೆಹಣ್ಣು ಹಾಕಿ, ಸೀಗೆಪುಡಿ ಹಾಕಿ, ಬಿಸಿನೀರು ಹಾಕಿ ಬೆಳಗಿದ ಪರಿ ನೋಡಿದ್ದರೆ ಅದರಲ್ಲಿ ಪಂಚಾಮೃತ ತುಂಬುತ್ತಾರೆಂದೇ ನೀವು ತಿಳಿಯುತ್ತಿದ್ದಿರಿ. ಅದನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಬಸ್ಸು ಎತ್ತಿ ಹಾಕಿದ ಹೊಡೆತಕ್ಕೆ ಚೆಲ್ಲೀತೆಂದು ಹೊರಗೆ ತೆಗೆದು ಕೈಯಲ್ಲೇ ಹಿಡಿದೆ. ಕಂಡಕ್ಟರ ಕಣ್ಣು ಅದರ ಮೇಲೆ ಬಿತ್ತು.

"ಏನಮ್ಮಾ ಅದು, ಜೇನುತುಪ್ಪಾನಾ?"

"ಹೂಂ."

"ಒಳ್ಳೇ ಬಣ್ಣ ಇದೆ. ಎಲ್ಲಿ ಸಿಕ್ತು?"

"ನಮ್ಮನೇಲೇ ಆಗತ್ತೆ" ಎಂದು ಹೇಳಿ, ಎರಡು ಸ್ಟಾಪು ಮುಂಚೆಯೇ ಇಳಿದುಬಿಟ್ಟೆ.

ಡಾಕ್ಟರ ಕಾಂಪೌಂಡರು ಒಂದು ಗಾಜಿನ ಕೊಳವೆಯಲ್ಲಿ ನೀಲಿ ದ್ರಾವಣ ತೆಗೆದುಕೊಂಡು, ಅದಕ್ಕೆ ನಮ್ಮ ಜೇನುತುಪ್ಪದ ಎಂಟು ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನೀಲಿಯಾಗಿಯೇ ಉಳಿದರೆ ಸಕ್ಕರೆಯಿಲ್ಲ. ಸಕ್ಕರೆ ಇದ್ದಷ್ಟೂ ಹಸಿರು, ಹಳದಿ, ಕಿತ್ತಳೆ ಎಂದು ಏರುತ್ತಾ ಹೋಗಿ ಕಡೆಗೆ ಇಟ್ಟಿಗೆ ಕೆಂಪು. ಅತ್ತೆಯದು ನಡುವೆ ಎಲ್ಲೂ ನಿಲ್ಲದ ಎಕ್ಸ್‌ಪ್ರೆಸ್ ಗಾಡಿಯಂತೆ ಸೀದಾ ಇಟ್ಟಿಗೆಗೇ ಹೋಗಿ ನಿಂತಿತು. ಮನೆಗೆ ಬಂದು ಹೇಳಿದರೆ ಅತ್ತೆ ಕಿಟಕಿಯಿಂದ ಎದುರು ಸೈಟನ್ನು ತೋರಿಸಿದರು. "ಯಾವ ಇಟ್ಟಿಗೇನೇ? ಇದರ ಹಂಗಿತ್ತಾ, ಆ ಮೂಲೆ ಸೈಟಿಂದರ ಹಂಗಿತ್ತಾ? ಇದನ್ನ ಸರಿಯಾಗಿ ಸುಟ್ಟೇ ಇಲ್ಲ. ಇದರ ಹಂಗಿದ್ರೆ ಅಷ್ಟೇನೂ ಯೋಚನೆ ಇಲ್ಲ."

ಡಾಕ್ಟರು ಆಗತಾನೇ ಬಳಕೆಗೆ ಬರುತ್ತಿದ್ದ ಮಾತ್ರೆಗಳನ್ನು ಬರೆದುಕೊಟ್ಟರು. ದೊಡ್ಡ ದೊಡ್ಡ ಬಿಳಿ ಬಿಲ್ಲೆಗಳು. ಊಟಕ್ಕೆ ಸ್ವಲ್ಪ ಮುಂಚೆ ಒಂದು ನುಂಗಬೇಕು. ಹೊಟ್ಟೆಯೊಳಗೆ ಸೋಮಾರಿಯಾಗಿ ಮಲಗಿರುವ ಒಂದು ಅಂಗವನ್ನು ಅದು ಎಬ್ಬಿಸುತ್ತದೆ. ಊಟದಿಂದ ಏರುವ ಸಕ್ಕರೆಯನ್ನು ಆ ಅಂಗ ನೋಡಿಕೊಳ್ಳುತ್ತದೆ ಎಂದು ವಿವರಿಸಿದರು. "ನುಂಗಿದ ಮೇಲೆ ಅರ್ಧ ಗಂಟೆ ಒಳಗೆ ಊಟ ಆಗ್ಲೇಬೇಕು. ಇಲ್ದಿದ್ರೆ ಇರೋ ಸಕ್ಕರೇನೂ ಇಳಿದುಹೋಗಿ ಮೈ ಬೆವತು ನಡುಗತ್ತೆ, ಮಾತು ತಡವರಿಸತ್ತೆ. ಹಾಗೇನಾದ್ರೂ ಆದ್ರೆ ತಕ್ಷಣ ಸಿಹಿ ಕೊಡಿ" ಎಂದು ನನ್ನ ಮುಖ ನೋಡಿ ಹೇಳಿದರು. ಅತ್ತೆಯ ಲಕ್ಷ್ಯವೆಲ್ಲ ಬೇರೆ ಕಡೆ ಇತ್ತು.

"ಇದನ್ನ ಮಾಡೋರು ಸ್ನಾನ ಮಾಡಿರ್ತಾರಾ?"

"ಮನುಷ್ಯರು ಮಾಡಲ್ಲಮ್ಮ, ಮೆಷಿನ್ ಮಾಡತ್ತೆ."

"ಮೆಷಿನ್ನಿಗೆ ಸ್ನಾನ?"

ಡಾಕ್ಟರು ನಮ್ಮ ಮನೆಯನ್ನು ಇಪ್ಪತ್ತು ವರ್ಷದಿಂದ ಬಲ್ಲವರು. ಮುಖದಲ್ಲಿ ನಗು ತೋರಿಸದೆ, "ವಾರಕ್ಕೊಂದ್ಸಲ ಎಣ್ಣೆ ಸ್ನಾನ" ಎಂದರು. ಅತ್ತೆಗೆ ಸಮಾಧಾನವಾಯಿತು. ಅರ್ಧ ಸಮಾಧಾನ ಎಂಬುದು ಆಮೇಲೆ ತಿಳಿಯಿತು.

ಮೊದಲ ತಿಂಗಳು ಕಳೆಯಿತು. ಇಟ್ಟಿಗೆ. ಡಾಕ್ಟರು ಊಟಕ್ಕೆ ಎರಡು ಮಾತ್ರೆ ಮಾಡಿದರು. ಮತ್ತೆ ಇಟ್ಟಿಗೆ. ಮೂರು ಮಾಡಿದರು. ಆಗಲೂ ಇಟ್ಟಿಗೆಯೇ! ಅಷ್ಟರಲ್ಲಿ ಎದುರು ಸೈಟಿನ ರಾಶಿಯೆಲ್ಲ ಗೋಡೆಯಾಗಿ, ಅದರ ಮೇಲೆ ತಾರಸಿ ಬಿದ್ದು, ಗೃಹಪ್ರವೇಶವೂ ಆಯಿತು. ನಮ್ಮ ಕೊಳವೆಯಲ್ಲಿನ ಇಟ್ಟಿಗೆ ಮಾತ್ರ ಕದಲಲಿಲ್ಲ. "ಕದ್ದು ಸಿಹಿ ತಿಂತಿದಾರೆ, ಬೇರೆ ಕಾರಣವೇ ಇಲ್ಲ" ಎಂದು ಡಾಕ್ಟರು ಅಪ್ಪನ ಕಿವಿಯಲ್ಲಿ ಊದಿದರು. ಅಪ್ಪ ಅಂದಿನಿಂದ ಪತ್ತೇದಾರರಾದರು. ಬೆಲ್ಲದ ಭರಣಿಯನ್ನು ಹೊರಗೆ ತರಿಸಿ, ಬಾಯಿಗೆ ಬಟ್ಟೆ ಹಾಕಿ, ದಾರದಿಂದ ಏಳು ಸುತ್ತು ಸುತ್ತಿ, ತಮಗೆ ಮಾತ್ರ ಬಿಚ್ಚಲು ಬರುವಂಥ ಒಂದು ಗಂಟು ಹಾಕಿ ಹೊಸಿಲಿನ ಪಕ್ಕದಲ್ಲೇ ಇಟ್ಟರು. ಮೂರನೆಯ ದಿನಕ್ಕೆ ಅವರಿಗೂ ಅದನ್ನು ಬಿಚ್ಚಲು ಬರಲಿಲ್ಲ. ಮನೆಯಲ್ಲಿ ಸಾರಿಗೆ ಹಾಕಲೂ ಬೆಲ್ಲವಿಲ್ಲದಂತಾಯಿತು.

ಚಿಕ್ಕಲಸಂದ್ರದಿಂದ ಬುಟ್ಟಿ ಹೊತ್ತು ಬರುತ್ತಿದ್ದ ಸೊಪ್ಪಿನಾಕೆಗೂ ವಿಷಯ ಗೊತ್ತಾಯಿತು. "ಅಮ್ಮಾವ್ರೇ, ದಿನಾ ಒಂದ್ ಲೋಟ ಹಾಗಲಕಾಯಿ ರಸ ಕುಡೀರಿ. ಸಕ್ಕರೆ ಎದ್ದೆನೋ ಬಿದ್ದೆನೋ ಅಂತ ಓಡೋಗ್ತದೆ" ಎಂದಳು. ಅತ್ತೆ ಕುಡಿದರು. ತಾವೊಬ್ಬರೇ ಕುಡಿದು ಸುಮ್ಮನಿರಲಿಲ್ಲ. ನಮಗೂ ಹಾಗಲಕಾಯಿ ಗೊಜ್ಜು, ಹಾಗಲಕಾಯಿ ಪಲ್ಯ, ಹಾಗಲಕಾಯಿ ಹುಳಿ. ಸಕ್ಕರೆ ಓಡಲಿಲ್ಲ. ಊಟದ ಹೊತ್ತಿಗೆ ನಾವು ಓಡತೊಡಗಿದೆವು.

ಕಡೆಗೊಂದು ದಿನ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆಂದರೆ ತಮಾಷೆ ಮುಗಿಯಿತು ಎಂದು ಅರ್ಥ. "ಇನ್ನು ಹದಿನೈದು ದಿನ ನೋಡ್ತೀನಿ. ಆಮೇಲೆ ಇಂಜೆಕ್ಷನ್ನೇ ಗತಿ. ದಿನಾ ಎರಡು ಹೊತ್ತು. ಕಾಂಪೌಂಡರು ಮನೆಗೇ ಬಂದು ಹಾಕ್ತಾರೆ. ಕಾಲಿನ ಗಾಯ ನೋಡ್ತಿದೀರಲ್ಲ, ಹೀಗೇ ಬಿಟ್ರೆ ಬೆರಳು ತೆಗೀಬೇಕಾಗತ್ತೆ."

ಅತ್ತೆ ಬೆರಳಿಗೆ ಹೆದರಲಿಲ್ಲ. ಇಂಜೆಕ್ಷನ್ನಿಗೆ ಹೆದರಿದರು. ಸೂಜಿಯ ನೋವಿಗಲ್ಲ, ಬೆಳಿಗ್ಗೆ ಅಡುಗೆಯ ಹೊತ್ತಿಗೆ, ಸಾಯಂಕಾಲ ಅಡುಗೆಯ ಹೊತ್ತಿಗೆ ಪರಪುರುಷನೊಬ್ಬ ಬಂದು ತೋಳು ಹಿಡಿಯುತ್ತಾನೆ ಎಂಬುದಕ್ಕೆ. ಹಿಡಿದ ಮೇಲೆ ಮಡಿ ಎಲ್ಲಿಯದು? ಮಡಿಯಿಲ್ಲದ ಮೇಲೆ ಅಡುಗೆಮನೆ ಎಲ್ಲಿಯದು? ಅಂದು ಸಾಯಂಕಾಲ ಅವರು ಒಳಗಿನಿಂದ ಅಪ್ಪನಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು. "ನಿನ್ನ ಹೆಂಡತಿಗೆ ಅಡುಗೆ ಬರಲ್ಲ ಅಂತಲ್ಲ ಕಣೋ. ನನಗಿಂತ ಚೆನ್ನಾಗೇ ಮಾಡ್ತಾಳೆ. ಆದ್ರೆ ಈ ಒಲೆ ಮುಂದಿಂದ ಎದ್ದುಹೋದ್ರೆ ನಾನು ಈ ಮನೇಲಿ ಯಾರೋ? ಎಲ್ಲಿ ಕೂತ್ಕೊಳ್ಳಲಿ ಹೇಳು."

ಹಾಗಲಕಾಯಿಯ ದೆಸೆಯಿಂದ ಅತ್ತೆಯ ಮೇಲೆ ಮುನಿಸಿಕೊಂಡಿದ್ದ ನಾನೂ ಅಂದು ರಾತ್ರಿ ಗೊಜ್ಜನ್ನು ಕೇಳಿ ಇನ್ನೊಂದು ಸಲ ಹಾಕಿಸಿಕೊಂಡೆ. ನಲವತ್ತು ವರ್ಷದಿಂದ ಅವರಿಗೆ ಈ ಲೋಕದಲ್ಲಿ ಇದ್ದ ಜಾಗವೆಂದರೆ ಅದೊಂದೇ, ಒಲೆಯ ಮುಂದಿನ ಒಂದು ಮಣೆಯಷ್ಟು ನೆಲ.

ಅದಾದ ಎರಡು ದಿನಕ್ಕೆ ಕಾಲೇಜಿಗೆ ಏನೋ ರಜಾ ಇತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಮಜ್ಜಿಗೆಗಾಗಿ ಕಾಯುತ್ತಿದ್ದೆ. ಅತ್ತೆ ನನ್ನನ್ನು ನೋಡಿರಲಿಲ್ಲ. ಮೂರು ಮಾತ್ರೆಗಳನ್ನು ಬೆಳ್ಳಿ ಬಟ್ಟಲಿಗೆ ಹಾಕಿದರು. ಮಡಿನೀರು ಹೊಯ್ದರು. ಬೆರಳಿನಿಂದ ಚೆನ್ನಾಗಿ ಉಜ್ಜಿದರು. ಹಾಲಿನಂಥ ನೀರನ್ನು ಮೂಲೆಯ ಬಚ್ಚಲಿಗೆ ಚೆಲ್ಲಿದರು. ಮತ್ತೆ ನೀರು, ಮತ್ತೆ ಉಜ್ಜು, ಮತ್ತೆ ಚೆಲ್ಲು. ಮೂರನೆಯ ಸಲ ಮುಗಿದಾಗ ಬಟ್ಟಲಿನ ತಳದಲ್ಲಿ ಅಕ್ಕಿನುಚ್ಚಿನಷ್ಟು ಏನೋ ಉಳಿದಿತ್ತು. ಅದನ್ನು ಭಕ್ತಿಯಿಂದ ನಾಲಿಗೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದರು.

"ಅತ್ತೇ! ಏನ್ ಮಾಡ್ತಿದೀರಿ?"

"ಏನಾಯ್ತೇ? ಕಾರ್ಖಾನೇಲಿ ಬಿದ್ದು, ಅಂಗಡೀಲಿ ಬಿದ್ದು, ಬಸ್ಸಲ್ಲಿ ಬಂದದ್ದು. ತೊಳೀದೆ ಯಾರಾದ್ರೂ ಬಾಯಿಗೆ ಹಾಕ್ಕೊಳ್ತಾರಾ?"

"ದಿನಾ ಹೀಗೇನಾ?"

"ಮೊದಲ್ನೇ ದಿನದಿಂದ" ಎಂದರು ಹೆಮ್ಮೆಯಿಂದ.

ನಾನು ಹೊಸಿಲಿನ ಹೊರಗೆ ಕುಸಿದು ಕುಳಿತು ನಕ್ಕೆ. ನಾಲ್ಕು ತಿಂಗಳು! ನಾಲ್ಕು ತಿಂಗಳ ಮಾತ್ರೆಯನ್ನು ಅತ್ತೆಯ ಬದಲು ನಮ್ಮ ಬಚ್ಚಲ ಹಿಂದಿನ ಬಾಳೆಗಿಡ ತೆಗೆದುಕೊಂಡಿತ್ತು. ಆ ವರ್ಷದ ಬಾಳೆಹಣ್ಣು ಸಪ್ಪೆಯಾಗಿತ್ತೆಂದು ಅಪ್ಪ, ಸಂಗತಿ ಗೊತ್ತಾದ ಮೇಲೆ, ಸಾಯುವವರೆಗೂ ವಾದಿಸುತ್ತಿದ್ದರು.

ಔಷಧಿಯೆಲ್ಲ ನೀರಿನಲ್ಲಿ ಕರಗಿಹೋಗುತ್ತದೆ ಎಂದು ತಿಳಿಸಿ ಹೇಳಿದಾಗ ಅತ್ತೆಯ ಮುಖ ಸಣ್ಣದಾಯಿತು. ಆದರೆ ತೊಳೆಯದೆ ನುಂಗಲು ಸುತರಾಂ ಒಪ್ಪಲಿಲ್ಲ. ಇಂಜೆಕ್ಷನ್ ಬಂದರೂ ಸರಿಯೇ ಎಂದು ಹಟ ಹಿಡಿದರು. ಆಗ ನನ್ನ ಬುದ್ಧಿ ಮಿಂಚಿತು ನೋಡಿ! "ಅತ್ತೆ, ಅನ್ನದ ಮೇಲೆ ತುಪ್ಪ ಬಿದ್ರೆ ಶುದ್ಧ ಆಯ್ತು ಅಂತೀರಲ್ಲ, ಮಾತ್ರೆ ಮೇಲೂ ಒಂದು ತೊಟ್ಟು ಹಾಕಿಬಿಡಿ. ತೊಳೆಯೋದೇ ಬೇಡ."

ತುಪ್ಪದ ವಿಷಯದಲ್ಲಿ ಅತ್ತೆಯಲ್ಲಿ ಎದುರುಮಾತಿರಲಿಲ್ಲ. "ಇಷ್ಟು ದಿನ ಬಾಯಲ್ಲಿ ಏನು ಇಟ್ಕೊಂಡಿದ್ಯೇ?" ಎಂದು ನನ್ನನ್ನೇ ಗದರಿಸಿ ಒಪ್ಪಿಕೊಂಡರು. "ನಿಮ್ಮಪ್ಪಂಗೆ ಹೇಳ್ಬೇಡ. ಊರಲ್ಲೆಲ್ಲ ಆಡ್ಕೊಂಡು ನಗ್ತಾನೆ" ಎಂದು ಮಾತು ತೆಗೆದುಕೊಂಡರು. ಹದಿನೈದು ದಿನ ಕಳೆದ ಮೇಲೆ ನೀಲಿ ಬಣ್ಣ ತೋರಿಸಿ ಡಾಕ್ಟರನ್ನೇ ಬೆರಗು ಮಾಡೋಣವೆಂದು ನಾನೂ ಯಾರಿಗೂ ಹೇಳಲಿಲ್ಲ. ಕಾಲೇಜು ಮೆಟ್ಟಿಲು ಹತ್ತಿದ ನನ್ನ ತಲೆಗೆ ಒಂದು ಸಣ್ಣ ಸಂಗತಿ ಹೊಳೆಯಲಿಲ್ಲ. ಡಾಕ್ಟರು ಒಂದನ್ನು ಮೂರಕ್ಕೆ ಏರಿಸಿದ್ದು ತೊಳೆದುಹೋದ ಮಾತ್ರೆಯ ಲೆಕ್ಕದಲ್ಲಿ. ಈಗ ಆ ಮೂರೂ ಇಡಿಯಾಗಿ ಹೊಟ್ಟೆಗೆ ಹೋಗುತ್ತಿದ್ದವು.

ಎರಡು ಮೂರು ದಿನ ಏನೂ ಆಗಲಿಲ್ಲ. ಭಾನುವಾರ ಬಂತು. ಬನಶಂಕರಿ ಗುಡಿಯ ಆಚೆ ಯಾವುದೋ ಹೊಲದಲ್ಲಿ ಸೈಟು ಮಾಡುತ್ತಾರಂತೆ ಎಂದು ಅಪ್ಪ ಅಮ್ಮನನ್ನೂ ಕರೆದುಕೊಂಡು ನೋಡಲು ಹೊರಟರು. "ಹನ್ನೊಂದಕ್ಕೆಲ್ಲ ಬಂದ್ಬಿಡ್ತೀವಿ" ಎಂದರು. ಅತ್ತೆ ಹನ್ನೊಂದಕ್ಕೆ ಸರಿಯಾಗಿ ಎಲೆ ಹಾಕಿ, ಮೂರು ಮಾತ್ರೆಗೂ ತುಪ್ಪ ಹಾಕಿ ನುಂಗಿ ಕಾಯುತ್ತಾ ಕುಳಿತರು. ಹನ್ನೆರಡಾಯಿತು. ತಮ್ಮ ಉಣ್ಣದೆ ಅವರು ಎಂದೂ ಉಂಡವರಲ್ಲ. ತಲೆಗೆ ಎಣ್ಣೆ ಮೆತ್ತಿಕೊಂಡು ಹಜಾರದಲ್ಲಿ ಕುಳಿತಿದ್ದ ನಾನು ಎರಡು ಸಲ ಕೂಗಿದೆ. "ನೀವು ಊಟ ಮಾಡಿಬಿಡಿ ಅತ್ತೆ." "ಇನ್ನೇನು ಬಂದ್ಬಿಡ್ತಾರೆ" ಎಂಬ ಉತ್ತರ ಎರಡು ಸಲವೂ ಬಂತು.

ಹನ್ನೆರಡೂವರೆಯ ಹೊತ್ತಿಗೆ ಒಳಗೆ ಪಾತ್ರೆಯ ಸದ್ದು. ಹೋಗಿ ನೋಡಿದರೆ ಅತ್ತೆ ಒಂದೇ ಚೊಂಬನ್ನು ಮತ್ತೆ ಮತ್ತೆ ತೊಳೆಯುತ್ತಿದ್ದರು. ಅವರ ಮಟ್ಟಿಗೆ ಅದೇನೂ ಹೊಸ ಸಂಗತಿಯಲ್ಲವಲ್ಲ! "ನೆಟ್ಟಗೆ ನಿಂತ್ಕೊಳೋ, ಎಷ್ಟು ಕುಣೀತೀಯ" ಎಂದು ಚೊಂಬನ್ನು ಗದರಿಸಿದರು. ನಾನು ನಕ್ಕುಬಿಟ್ಟೆ. ಅವರೂ ನಕ್ಕರು. ಆ ನಗು ನಿಲ್ಲಲಿಲ್ಲ. ಚೊಂಬು ಕೈಜಾರಿ ಉರುಳಿಹೋಯಿತು. ಆಗ ನೋಡಿದೆ: ಮುಖದ ತುಂಬ ಬೆವರು, ಸೀರೆಯೆಲ್ಲ ಒದ್ದೆ, ಕೈ ಗಡಗಡ ನಡುಗುತ್ತಿದೆ.

ಡಾಕ್ಟರು ಹೇಳಿದ್ದು ಒಂದೊಂದೂ ನೆನಪಾಯಿತು. ಆದರೂ ನಾನು ಹೊಸಿಲಿನ ಹೊರಗೇ ನಿಂತಿದ್ದೆ. ಇದನ್ನು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ. ಸ್ನಾನವಾಗಿಲ್ಲ, ತಲೆಯಲ್ಲಿ ಎಣ್ಣೆ, ಒಳಗೆ ಕಾಲಿಟ್ಟರೆ ಮಾಡಿದ ಅಡುಗೆಯೆಲ್ಲ ಮೈಲಿಗೆ, ಬೈಯುತ್ತಾರಲ್ಲ ಎಂದು ಯೋಚಿಸುತ್ತಾ ನಿಂತಿದ್ದೆ! ಅತ್ತೆಯ ತಲೆ ನಿಧಾನವಾಗಿ ಗೋಡೆಗೆ ವಾಲಿತು. ಆಮೇಲೆ ಯಾವಾಗ ದಾಟಿದೆನೋ ನನಗೆ ತಿಳಿಯದು.

ಬೆಲ್ಲದ ಭರಣಿ ಕೈಗೆ ಸಿಕ್ಕಿತು. ಅದರ ಬಾಯಿಗೆ ಅಪ್ಪನ ಗಂಟು! ಎಳೆದೆ, ಬರಲಿಲ್ಲ. ಹಲ್ಲಿನಿಂದ ಕಚ್ಚಿ ಹರಿದೆ. ಒಂದು ಉಂಡೆ ಬೆಲ್ಲವನ್ನು ಎಣ್ಣೆಗೈಯಲ್ಲೇ ಪುಡಿಮಾಡಿ, ನೀರಿನಲ್ಲಿ ಕಲೆಸಿ, ಅತ್ತೆಯ ತಲೆಯನ್ನು ತೋಳಿಗೆ ಆನಿಸಿಕೊಂಡು ಸ್ವಲ್ಪ ಸ್ವಲ್ಪವಾಗಿ ಬಾಯಿಗೆ ಬಿಟ್ಟೆ. ಮೊದಲು ಕಟಬಾಯಿಂದ ಸುರಿದುಹೋಯಿತು. ಆಮೇಲೆ ಗುಟುಕು ಇಳಿಯಿತು. ನನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಎಷ್ಟೋ ಹೊತ್ತಿನ ಮೇಲೆ ಅತ್ತೆ ಕಣ್ಣು ಬಿಟ್ಟು ನನ್ನನ್ನು ಗುರುತಿಸಿದರು.

"ಒಳಗೆ ಬಂದ್ಯಾ?"

"ಬಂದೆ."

"ಸ್ನಾನ ಆಗಿದ್ಯಾ?"

"ಇಲ್ಲ ಅತ್ತೆ."

"ಬೆಲ್ಲ ತೊಳೆದ್ಯಾ?"

"ಇಲ್ಲ."

ಅತ್ತೆ ತುಟಿಗಳನ್ನು ಚಪ್ಪರಿಸಿದರು. "ಚೆನ್ನಾಗೇ ಇದೆ. ಇನ್ನೊಂಚೂರು ಕೊಡು" ಎಂದರು.

ಮುಂದಿನದನ್ನು ಈಗಲೇ ಹೇಳಿಬಿಡುತ್ತೇನೆ. ಡಾಕ್ಟರು ನನ್ನನ್ನು ಬೈದದ್ದು ಸ್ವಲ್ಪ ಅಲ್ಲ. ಅಷ್ಟೂ ಬೈಗುಳಕ್ಕೆ ನಾನು ಅರ್ಹಳಾಗಿದ್ದೆ. ಮಾತ್ರೆಯನ್ನು ಮತ್ತೆ ಒಂದಕ್ಕೆ ಇಳಿಸಿದರು. ತಿಂಗಳ ಮೇಲೆ ಕೊಳವೆಯಲ್ಲಿ ತಿಳಿ ಹಸಿರು, ಎರಡು ತಿಂಗಳ ಮೇಲೆ ನೀಲಿ. ಗಾಯ ಮಾಯಿತು. ಬೆರಳು ಉಳಿಯಿತು. ಕಾಂಪೌಂಡರು ನಮ್ಮ ಮನೆಗೆ ಬಂದದ್ದು ಒಂದೇ ಸಲ, ಅದೂ ಗೌರಿಹಬ್ಬದ ಊಟಕ್ಕೆ. ಅತ್ತೆ ಇನ್ನೂ ಹತ್ತು ಹನ್ನೆರಡು ವರ್ಷ ಅದೇ ಒಲೆಯ ಮುಂದೆ ಕುಳಿತು ನಮ್ಮನ್ನೆಲ್ಲ ಆಳಿದರು.

ಆದರೆ ಆ ಭಾನುವಾರದ್ದು ಇನ್ನೊಂದು ಸ್ವಲ್ಪ ಉಳಿದಿದೆ. ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಬೆಲ್ಲದ ನೀರು ಮುಗಿದ ಮೇಲೆ ಏಳಲು ಹೋದೆ. ಆಗಲಿಲ್ಲ. ನನ್ನ ಕೈ ಅತ್ತೆಯ ಕೈಯಲ್ಲಿತ್ತು.

"ಅಪ್ಪ ಅಮ್ಮ ಬರೋ ಹೊತ್ತಾಯ್ತು. ಸ್ನಾನಕ್ಕೆ ನೀರು ತುಂಬಿಸ್ಲಾ ಅತ್ತೆ?"

"ಆಮೇಲೆ."

ಸ್ನಾನದ ವಿಷಯದಲ್ಲಿ ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಯನ್ನು ಬೆಳಕಿಗೆ ತಿರುಗಿಸಿ, ಎಣ್ಣೆ ಬೆಲ್ಲ ಎಲ್ಲ ಮೆತ್ತಿದ್ದ ಅದನ್ನು ತುಂಬ ಹೊತ್ತು ನೋಡಿದರು.

"ಎಷ್ಟು ದೊಡ್ಡ ಕೈ ಆಗಿದೆಯಲ್ಲೇ ನಿಂದು" ಎಂದರು. "ನಾನು ಕಡೇ ಸಲ ಹಿಡ್ಕೊಂಡಿದ್ದಾಗ ಇಷ್ಟೇ ಇಷ್ಟಿತ್ತು."

ನನಗೆ ಅಳು ಬಂತು. ಅವರಿಗೆ ಕಾಣದಿರಲಿ ಎಂದು ಮುಖ ತಿರುಗಿಸಿದೆ. ಹೊರಗೆ ಗೇಟಿನ ಸದ್ದಾಯಿತು. ಅಪ್ಪ ಅಮ್ಮ ಚಪ್ಪಲಿ ಬಿಡುತ್ತಾ ಸೈಟಿನ ಬಗ್ಗೆ ಏನೋ ವಾದ ಮಾಡುತ್ತಿದ್ದರು. ಅತ್ತೆಗೂ ಕೇಳಿಸಿತು. ಆದರೂ ಕೈ ಬಿಡಲಿಲ್ಲ.